ಬರ್ಲಿ, ಬರ್ಲಿ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಆದರೂ ಗಾಜಿನ ಮನೆಯೊಳಗಿನ ಸಸಿಗಳಿಗೆ ಹೇಗೋ ಸುಳಿವು ಸಿಕ್ಕಿಬಿಟ್ಟಿತ್ತು. ಟೊಮೆಟೊ, ಬದನೆ, ಎಲೆಕೋಸು ಒಂದನ್ನೊಂದು ತಳ್ಳಾಡಿಕೊಂಡು ಬೆರಳುದ್ದ ಎದ್ದು ನಿಂತಿದ್ದವು. ಕೊಳ್ಳುವವರು ಮಣ್ಣು ಹದ ಮಾಡಿಕೊಂಡು ದಿನಾ ಫೋನು ಮಾಡುತ್ತಿದ್ದರು. ನರ್ಸರಿಯವರಿಗೆ ವರ್ಷದ ದುಡಿಮೆಯೆಲ್ಲ ಈ ಒಂದೆರಡು ತಿಂಗಳದ್ದೇ. ಗಂಡಹೆಂಡತಿ ಇಬ್ಬರೂ ಬೆಳಕು ಹರಿಯುವ ಮೊದಲೇ ಅಂಗಳಕ್ಕಿಳಿದು ವ್ಯಾನಿಗೆ ಸಸಿಯ ಟ್ರೇಗಳನ್ನು ತುಂಬುತ್ತಿದ್ದರು. ಅವನು ಕೆಳಗೆ ನಿಂತು ಎತ್ತಿಕೊಡುವುದು, ಅವಳು ವ್ಯಾನಿನೊಳಗೆ ಬಗ್ಗಿ ನಿಂತು ಹಲಗೆಗಳ ಮೇಲೆ ಸಾಲಾಗಿ ಸರಿಸುವುದು. ಟ್ರೇಗಳಿಂದ ನೀರು ತೊಟ್ಟಿಕ್ಕಿ ಇಬ್ಬರ ತೋಳೂ ಮರಗಟ್ಟಿದ್ದವು.

“ಇದು ಬದನೇನಾ?” ಅಂದ ಅವನು.

“ಎಲೆಕೋಸು. ಎಲೆ ನೋಡಿದ್ರೆ ಗೊತ್ತಾಗಲ್ವಾ?”

“ಚಿಕ್ಕಂದಿನಲ್ಲಿ ಎಲ್ಲರ ಮೂತೀನೂ ಒಂದೇ ಥರ ಕಣೇ. ಬೆಳಕಾಗಲಿ ಬಿಡು, ಹೇಳ್ತೀನಿ.”

“ಬೆಳಕಾದ್ಮೇಲೆ ನಾನೇ ಹೇಳ್ತೀನಿ. ಎತ್ತಿಕೊಡಿ ಮೊದಲು, ಕೈ ಜೋಮು ಹಿಡೀತಿದೆ.”

ಆ ವ್ಯಾನನ್ನು ಅವನು ಹತ್ತು ವರ್ಷಕ್ಕೂ ಮೇಲೆ ಓಡಿಸಿದ್ದ. ಊರು ಬಿಟ್ಟು ಈ ಹೊರದೇಶಕ್ಕೆ ಒಂಟಿಯಾಗಿ ಬಂದು, ಶೆಡ್ಡಿನ ಮೇಲಿನ ಡ್ರೈವರ್ ಕೋಣೆಯಲ್ಲಿದ್ದುಕೊಂಡು, ಸುತ್ತಲಿನ ಗೇಟು, ಓಣಿ, ಹಿತ್ತಲುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಆಮೇಲೆ ಕಣ್ಣಿಗೆ ಬಂತು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಔಷಧಿ ಹಾಕಿ ಉಳಿಸಿಕೊಳ್ಳಬೇಕು ಎಂದರು ಆಸ್ಪತ್ರೆಯಲ್ಲಿ. ಹೆಂಡತಿಗೆ ಫೋನಿನಲ್ಲಿ ಹೇಳಿದ್ದು ಮಾತ್ರ ಇಷ್ಟು: “ಸಂಜೆ ಹೊತ್ತು ಸ್ವಲ್ಪ ಮಂಜಾಗುತ್ತೆ. ನೀನು ಬಂದುಬಿಟ್ರೆ ಅನುಕೂಲ.” ನರ್ಸರಿಯ ಯಜಮಾನನಿಗೆ ಹೇಳಿದ್ದು ಇನ್ನೂ ಕಡಿಮೆ. ಸೊಂಟನೋವು, ಹೆಂಡತಿ ಬರುತ್ತಾಳೆ, ಅವಳು ಸ್ಟೇರಿಂಗ್ ಹಿಡಿಯುತ್ತಾಳೆ, ನಾನು ಪಕ್ಕದಲ್ಲಿದ್ದು ದಾರಿ ಹೇಳುತ್ತೇನೆ ಎಂದಿದ್ದ. ಯಜಮಾನ ಲೆಕ್ಕ ಹಾಕಿ ನೋಡಿದ. ಒಬ್ಬರ ಸಂಬಳಕ್ಕೆ ಇಬ್ಬರು. ಆಗಲಿ ಅಂದ.

ಅವಳಿಗೆ ಗಾಡಿ ಹೊಸದಲ್ಲ. ಹದಿನಾರಕ್ಕೇ ಅಪ್ಪನ ಟ್ರ್ಯಾಕ್ಟರ್ ಹತ್ತಿದವಳು. ಅಪ್ಪ ಹೋದ ಮೇಲೆ ತರಕಾರಿ ಸಾಗಿಸುವ ಪಿಕಪ್ ಓಡಿಸಿ ಮನೆ ನಡೆಸಿದವಳು. ಊರಿನವರು ಡ್ರೈವರಮ್ಮ ಎನ್ನುತ್ತಿದ್ದರು, ಅರ್ಧ ಮರ್ಯಾದೆಗೆ, ಅರ್ಧ ತಮಾಷೆಗೆ. ಇಲ್ಲಿಗೆ ಬಂದ ಮೇಲೆ ಊರಿನ ಲೈಸೆನ್ಸಿನ ಮೇಲೇ ಓಡಿಸುತ್ತಿದ್ದಳು. ಬಂದ ದಿನದಿಂದ ಒಂದು ವರ್ಷ ಅದು ನಡೆಯುತ್ತದೆ. ಆಮೇಲೆ ಇಲ್ಲಿನ ಪರೀಕ್ಷೆ ಕೊಟ್ಟು ಇಲ್ಲಿನದೇ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ವರ್ಷ ತುಂಬುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

“ನನ್ನ ಹತ್ರ ಇಲ್ಲಿನ ಲೈಸೆನ್ಸಿದೆ, ನಿನ್ನ ಹತ್ರ ಕಣ್ಣಿದೆ. ಇಬ್ಬರೂ ಸೇರಿದ್ರೆ ಸರಿಯಾಗಿ ಒಬ್ಬ ಡ್ರೈವರ್” ಎಂದು ಅವನು ನಗಾಡುತ್ತಿದ್ದ. ನಗುವಿನ ಹಿಂದೆ ಏನಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಅವಳಿಗೆ ಲೈಸೆನ್ಸ್ ಸಿಗದಿದ್ದರೆ ಯಜಮಾನ ಬೇರೆ ಡ್ರೈವರನ್ನು ಹುಡುಕುತ್ತಾನೆ. ಕೋಣೆ ಅವನಿಗೆ ಹೋಗುತ್ತದೆ. ಕೆಲಸ ಹೋದರೆ ಅದರ ಜೊತೆ ಸಿಕ್ಕಿದ್ದ ಪುಕ್ಕಟೆ ಚಿಕಿತ್ಸೆಯ ಆಸ್ಪತ್ರೆ ಕಾರ್ಡೂ ಹೋಯಿತು, ಕಣ್ಣಿಗೆ ಬಿಡುವ ಹನಿಯೂ ಹೋಯಿತು.

ಒಂದು ಸಲ ಪರೀಕ್ಷೆ ಕೊಟ್ಟು ನಪಾಸಾಗಿದ್ದಳು. ಅದೂ ಏನು ರಸ್ತೆ ಗೊತ್ತಿಲ್ಲದೆ ಅಲ್ಲ. ಬಲಗಡೆಯೇ ಓಡಿಸಿದಳು, ನಿಲ್ಲಬೇಕಾದಲ್ಲಿ ನಿಂತಳು, ಯಾರೂ ದಾಟದಿದ್ದ ಜೀಬ್ರಾ ಗೆರೆಗಳ ಮುಂದೂ ಸುಮ್ಮನೆ ಕಾದಳು. ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುತ್ತಿದ್ದ ಹೆಂಗಸು ತೆಳ್ಳಗೆ, ಇಸ್ತ್ರಿ ಹಾಕಿದ ಹಾಗೆ ಇದ್ದಳು. ಕೊನೆಯಲ್ಲಿ ನಿಂತ ಎರಡು ಕಾರುಗಳ ನಡುವೆ ಬೆರಳು ತೋರಿಸಿ, ಹಿಂದಕ್ಕೆ ತೆಗೆದುಕೊಂಡು ಅಲ್ಲಿ ನಿಲ್ಲಿಸು ಎಂದಳು. ಇವಳು ಗಾಡಿ ಜೋಡಿಸಿ, ರಿವರ್ಸ್ ಗೇರು ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟು ಕೂತಳು. ಆ ಹೆಂಗಸೂ ಕೂತಿದ್ದಳು. ಇವಳು ಕಾದಳು. ಆಮೇಲೆ, ಪಾಪ ಆ ಹೆಂಗಸಿಗೆ ಹೊಳೆಯಲಿಲ್ಲವೇನೋ ಎಂದುಕೊಂಡು, ಅವಳ ಕಡೆಯ ಬಾಗಿಲು ತೋರಿಸಿ, ಇಳಿಯಮ್ಮ, ಹಿಂದೆ ಹೋಗಿ ನಿಂತುಕೋ ಎಂದು ಕೈಸನ್ನೆ ಮಾಡಿದಳು.

ಗಂಡ ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಪರೀಕ್ಷೆ ಮಾಡೋಕೆ ಬಂದವಳನ್ನೇ ಕ್ಲೀನರ್ ಮಾಡ್ಕೊಂಡ್ಯಲ್ಲೇ! ಒಂದು ಬಟ್ಟೇನೂ ಕೊಟ್ಟು ಗ್ಲಾಸು ಒರೆಸು ಅನ್ನಬೇಕಾಗಿತ್ತು.”

“ನಗ್ತೀರಾ? ಹಿಂದೆ ಏನಿದೆ ಅಂತ ನಂಗೇನು ಬೆನ್ನಲ್ಲಿ ಕಣ್ಣಿದ್ಯಾ?”

“ಕನ್ನಡಿ ಇದೆಯಲ್ಲ.”

“ಕನ್ನಡಿ ಇರೋದು ತಲೆ ಬಾಚಿಕೊಳ್ಳೋಕೆ ಅಂತಿದ್ದ ನಮ್ಮಪ್ಪ.”

ಅಪ್ಪ ನಿಜವಾಗಿಯೂ ಅದಕ್ಕೇ ಬಳಸುತ್ತಿದ್ದ. ಹಿಂದೆ ಟ್ರೇಲರ್, ಟ್ರೇಲರಿನ ತುಂಬ ಹುಲ್ಲೋ ಕಬ್ಬೋ. ಕನ್ನಡಿಯಲ್ಲಿ ಕಾಣುವುದಾದರೂ ಏನು? ಊರಲ್ಲಿ ಗಾಡಿ ಹಿಂದಕ್ಕೆ ಬರಬೇಕಾದರೆ ಯಾರಾದರೊಬ್ಬರು ಇಳಿದು ಹಿಂದೆ ನಿಲ್ಲಬೇಕು. ಗಾಡಿಯ ಮೈಯನ್ನು ಅಂಗೈಯಲ್ಲಿ ತಟ್ಟುತ್ತ ‘ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಹಾಂ, ಬರ್ಲಿ, ಸಾಕು’ ಎನ್ನಬೇಕು. ಯಾರೂ ಜೊತೆಗಿಲ್ಲದಿದ್ದರೂ ಚಿಂತೆಯಿಲ್ಲ. ರಿವರ್ಸ್ ಗೇರಿನ ಸದ್ದು ಕೇಳಿದರೆ ಬಸ್ಸಿಗೆ ಕಾಯುತ್ತಿದ್ದವರು, ಬೀಡಿ ಸೇದುತ್ತಿದ್ದವರು, ಅಂಗಡಿಯವರು ಯಾರಾದರೂ ಎದ್ದು ಬರುತ್ತಾರೆ. ಕೆಲವು ಸಲ ಇಬ್ಬರು ಬಂದು, ಒಬ್ಬ ಎಡಕ್ಕೆ ಅನ್ನುವುದು, ಇನ್ನೊಬ್ಬ ಬಲಕ್ಕೆ ಅನ್ನುವುದು, ಗಾಡಿ ಅಲ್ಲೇ ನಿಂತು ಅವರಿಬ್ಬರಿಗೇ ಜಗಳ ಹತ್ತುವುದೂ ಉಂಟು. ಅವಳು ಮೊದಲು ಅಪ್ಪನ ದನಿ ಹಿಡಿದು ಹಿಂದಕ್ಕೆ ಬಂದವಳು, ಆಮೇಲೆ ಸಂತೆಯ ಹಮಾಲರ ದನಿ, ಈಗ ಗಂಡನ ದನಿ. ತಾನಾಗಿ ಹಿಂತಿರುಗಿ ನೋಡಬೇಕೆಂದು ಅವಳಿಗೆ ಅನಿಸಿಯೇ ಇರಲಿಲ್ಲ. ಇಲ್ಲಿ ನೋಡಿದರೆ ರಸ್ತೆಯಲ್ಲಿ ಮನುಷ್ಯರೇ ಇಲ್ಲ. ಮುಚ್ಚಿದ ಕಿಟಕಿಗಳು, ಕತ್ತರಿಸಿ ನಿಲ್ಲಿಸಿದ ಬೇಲಿಗಳು, ಒಂದೊಂದು ಕಾರಿನಲ್ಲಿ ಒಂದೊಂದು ತಲೆ. ಯಾರ ಗಾಡಿಯ ಹಿಂದೆ ಯಾರೂ ನಿಲ್ಲುವುದಿಲ್ಲ. ಅಕ್ಕ ಫೋನು ಮಾಡಿ ಅಲ್ಲಿನ ರಸ್ತೆ ಹೇಗೇ ಎಂದರೆ “ಊಟ ಮಾಡಿ ತೊಳೆದಿಟ್ಟ ತಟ್ಟೆ ಥರ ಇದೆ ಅಕ್ಕ” ಎನ್ನುತ್ತಿದ್ದಳು. ಅಕ್ಕ ಅದನ್ನು ಹೊಗಳಿಕೆ ಎಂದುಕೊಳ್ಳುತ್ತಿದ್ದಳು.

ಅವತ್ತು ವ್ಯಾನು ತುಂಬಿಸಿ ಹೊರಟು, ಮೂರು ಕಡೆ ಇಳಿಸಿ, ನಾಲ್ಕನೆಯದಾಗಿ ಟೊಮೆಟೊ ತಾತನ ಮನೆಗೆ ಬಂದರು. ಟೊಮೆಟೊ ತಾತ ಎಂದು ಹೆಸರಿಟ್ಟದ್ದು ಗಂಡ. ಆ ಮುದುಕ ಟೊಮೆಟೊ ಬಿಟ್ಟು ಬೇರೆ ಸಸಿ ಕೊಂಡದ್ದಿಲ್ಲ, ಬೇರೆ ಮಾತಾಡಿದ್ದೂ ಇಲ್ಲ. ಅವನ ಮನೆ ಒಂದು ಓಣಿಯ ಕೊನೆಗೆ. ತಿರುಗಿಸಲು ಜಾಗವಿಲ್ಲ. ಹಿಮ್ಮುಖವಾಗಿಯೇ ಗೇಟಿನೊಳಗೆ ಹೋಗಬೇಕು. ಗೇಟಿಗೆ ಎರಡು ಮರದ ಕಂಬ, ಬಿಳಿ ಬಣ್ಣ ಬಳಿದವು.

ಗಂಡ ಎಂದಿನಂತೆ ಇಳಿದು, ವ್ಯಾನಿನ ಪಕ್ಕ ಕೈಯಾಡಿಸುತ್ತ ಹಿಂದಕ್ಕೆ ಹೋದ. ಎರಡು ಸಲ ತಟ್ಟಿದ.

“ಬರ್ಲಿ. ಬರ್ಲಿ. ನೇರ ಬರ್ಲಿ.”

ಅವಳು ಬಿಟ್ಟಳು. ಆ ದನಿಯಲ್ಲಿ ಏನೂ ಅನುಮಾನವಿರಲಿಲ್ಲ.

“ಬರ್ಲಿ, ಬರ್ಲಿ…”

ಲಟಕ್ಕೆಂದಿತು. ಆಮೇಲೂ ಅವನ ಬಾಯಿಂದ ಇನ್ನೊಂದು ‘ಬರ್ಲಿ’ ಹೊರಬಿತ್ತು. ಅದು ಅವಳನ್ನು ಆಮೇಲೆ ಬಹಳ ದಿನ ಕಾಡಿತು.

ಇಳಿದು ಓಡಿ ಬಂದಳು. ಎಡಗಡೆಯ ಕಂಬ ಬುಡದಲ್ಲಿ ಮುರಿದು ಗೇಟಿನ ಮೇಲೆ ಒರಗಿತ್ತು. ಗಂಡ ಅದರಿಂದ ಒಂದು ತೋಳಿನಷ್ಟು ದೂರದಲ್ಲಿ ನಿಂತಿದ್ದ. ಕೈ ಇನ್ನೂ ಎತ್ತಿಕೊಂಡೇ ಇತ್ತು. ಮುಖ ಮಾತ್ರ ಕಂಬದ ಕಡೆಗಿರಲಿಲ್ಲ. ಏನು ತಾಗಿತೆಂದು ಹುಡುಕುವವನ ಹಾಗೆ, ಖಾಲಿ ಓಣಿಯನ್ನು ತಲೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

“ಕಂಬ ರೀ.”

“ಹಾಂ. ಕಂಬ. ಬಿಸಿಲು ಕಣ್ಣಿಗೆ ಹೊಡೀತು ಕಣೇ.”

ಅವಳು ಮೇಲೆ ನೋಡಿದಳು. ಆಕಾಶ ಬೆಳಗಿನಿಂದಲೂ ಬೂದಿ ಬಳಿದ ಹಾಗಿತ್ತು.

ಮನೆಯ ಹಿಂದಿನಿಂದ ಟೊಮೆಟೊ ತಾತನ ಗಂಬೂಟಿನ ಸದ್ದು ಬಂತು. ಗಂಡ ತಗ್ಗಿದ ದನಿಯಲ್ಲಿ, “ನೀನು ಸುಮ್ಮನಿರು. ಊರಿನ ಲೈಸೆನ್ಸಲ್ಲಿ ಗುದ್ದಿದೆ ಅಂತ ಎಲ್ಲಾದ್ರೂ ಬರೆದುಕೊಂಡ್ರೆ ನಿನ್ನ ಪರೀಕ್ಷೆ ಮುಗೀತು” ಎಂದವನೇ, ವ್ಯಾನನ್ನು ತಡವುತ್ತ ಮುಂದೆ ಹೋಗಿ ಡ್ರೈವರ್ ಬಾಗಿಲು ಹಿಡಿದು ನಿಂತ. ಮುದುಕ ಬಂದ. ಕಂಬ ನೋಡಿದ. ಇವರನ್ನು ನೋಡಿದ. ಗಂಡ ಇಲ್ಲಿನ ಭಾಷೆಯಲ್ಲಿ ಹೇಳಿದ್ದು ಅವಳಿಗೂ ಅರ್ಥವಾಯಿತು. ನಾನೇ ಓಡಿಸುತ್ತಿದ್ದೆ, ತಪ್ಪಾಯಿತು, ದುಡ್ಡು ಕೊಡುತ್ತೇನೆ ಎಂದ.

ಮುದುಕ ಕಂಬದ ಮುರಿದ ಬಾಯಿಯನ್ನು ಬೂಟಿನ ತುದಿಯಿಂದ ಮುಟ್ಟಿದ. ದುಡ್ಡು ಬೇಡ, ಕಂಬ ಬೇಕು ಎಂದ. ಹೂಳುವುದಕ್ಕೆ ಈಗ ನನ್ನ ಕೈಲಾಗುವುದಿಲ್ಲ, ನೀನೇ ಬಂದು ಹೂಳಬೇಕು. ಅಷ್ಟೇ ಎತ್ತರದ್ದು. ಹತ್ತು ವರ್ಷದಿಂದ ಈ ಗೇಟಿನೊಳಗೆ ಬರುತ್ತಿದ್ದೀಯ, ಒಂದು ದಿನ ಬೇಲಿಯ ಎಲೆ ತಾಗಿಸಿದವನಲ್ಲ, ಇವತ್ತು ಏನಾಯಿತು ನಿನಗೆ? ಎಂದ. ಗಂಡ ಮುಂದಿನ ವಾರ ಕಳೆದು ಬರುವ ಭಾನುವಾರ ಬರುತ್ತೇನೆ ಎಂದಷ್ಟೇ ಒಪ್ಪಿಕೊಂಡ.

ಮರಳಿ ಬರುವಾಗ ಅವನು ಎಂದಿನಂತೆ ದಾರಿ ಹೇಳಿದ. ಈಗ ಸೇತುವೆ, ಆಮೇಲೆ ಇಳಿಜಾರು, ಅಲ್ಲಿ ನಿಧಾನ. ಎಲ್ಲವೂ ಸರಿಯಾಗಿಯೇ ಬಂದವು. ಸೇತುವೆ ದಾಟಿದ ಮೇಲೆ ಅವಳು ರಸ್ತೆ ಬದಿಯ ಖಾಲಿ ಜಾಗಕ್ಕೆ ವ್ಯಾನು ಇಳಿಸಿ ಇಂಜಿನ್ ಆರಿಸಿದಳು.

“ಊಟಕ್ಕಾ? ಇನ್ನೂ ಹೊತ್ತಿದೆಯಲ್ಲ.”

“ಮುಂದೆ ನೋಡಿ. ಗಾಜಿನಲ್ಲೇ ನೋಡ್ತಿರಿ. ನನ್ನ ಬಲಗೈ ಎಲ್ಲಿದೆ ಹೇಳಿ.”

“ಇದೇನೇ ಮಕ್ಕಳಾಟ?”

“ಹೇಳಿ.”

“ಸ್ಟೇರಿಂಗ್ ಮೇಲೆ.”

ಅವಳ ಕೈ ಅವನ ಕಿವಿಯ ಪಕ್ಕದಲ್ಲಿತ್ತು. ಮುಂದಕ್ಕೆ ತಂದಳು. ಕೆನ್ನೆಯ ನೇರಕ್ಕೆ ಬಂತು, ಹುಬ್ಬಿನ ನೇರಕ್ಕೆ ಬಂತು. ಅವನು ಸುಮ್ಮನೆ ಗಾಜು ನೋಡುತ್ತಿದ್ದ. ಹೆಚ್ಚುಕಮ್ಮಿ ಮೂಗಿನ ಮುಂದೆ ಬಂದ ಮೇಲೆ ಬೆಚ್ಚಿ ಹಿಂದಕ್ಕೆ ಸರಿದ.

ಒಂದು ದೊಡ್ಡ ಲಾರಿ ಹೋದ ಗಾಳಿಗೆ ವ್ಯಾನು ತೂಗಿತು.

“ಸಂಜೆ ಹೊತ್ತು ಮಂಜು ಅಂದಿದ್ರಿ.”

“ಆಗ ಹಾಗೇ ಇತ್ತು.”

“ಈಗ ಎಷ್ಟು ಕಾಣುತ್ತೆ? ನಿಜ ಹೇಳಿ.”

ಅವನು ತಿರುಗಿ ಅವಳ ಕಡೆ ಮುಖ ಮಾಡಿದ. ಸ್ವಲ್ಪ ಆಚೀಚೆ ಆಡಿಸಿ ಸರಿ ಮಾಡಿಕೊಂಡ, ಸೂಜಿಗೆ ದಾರ ಪೋಣಿಸುವವರು ಮಾಡುವ ಹಾಗೆ. “ನೀನು ಕಾಣ್ತೀಯ” ಎಂದ. “ಚೆನ್ನಾಗೇ ಕಾಣ್ತೀಯ. ಹಣೆ ಮೇಲೆ ಮಣ್ಣಾಗಿದೆ. ಆದ್ರೆ ನಿನ್ನ ಅಕ್ಕಪಕ್ಕ ಏನೂ ಇಲ್ಲ.”

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳು ಕರಗಿಬಿಡುತ್ತಿದ್ದಳೇನೋ. ಅವತ್ತು ಸಿಟ್ಟು ನೆತ್ತಿಗೇರಿತು. “ಮತ್ತೆ ಇಷ್ಟು ದಿನ ಬರ್ಲಿ ಬರ್ಲಿ ಅಂತಿದ್ರಲ್ಲ, ಏನು ನೋಡಿ?”

“ನೋಡಿ ಅಲ್ಲ ಕಣೇ. ಕೇಳಿ. ಅದೇ ಗೇಟು, ಅದೇ ಗೋಡೆ. ಇಂಜಿನ್ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತೆ. ಹತ್ತಿರ ಆದಂಗೆಲ್ಲ ಗಟ್ಟಿ ಆಗುತ್ತೆ. ಆವಾಗ ಸಾಕು ಅಂತಿದ್ದೆ. ಒಂದು ದಿನವಾದ್ರೂ ತಪ್ಪಿತ್ತಾ ಹೇಳು? ಇವತ್ತು… ಕಂಬಕ್ಕೆ ಸದ್ದಿಲ್ಲ.”

“ಮಗುಗೆ?”

ಅವನು ಅವಳತ್ತಲೇ ಮುಖವಿಟ್ಟುಕೊಂಡಿದ್ದ.

“ಒಂದು ಮಗು ನಿಂತಿದ್ರೆ ಅದಕ್ಕಿರುತ್ತಾ ಸದ್ದು? ನಿಮ್ಮ ಮಾತು ನಂಬ್ಕೊಂಡು ನಾನು ಬಿಟ್ಕೊಂಡು ಬರ್ತಿದ್ದೆನಲ್ಲರೀ. ಕಣ್ಮುಚ್ಚಿಕೊಂಡು ಬರ್ತಿದ್ದೆ.”

ಅವನ ಕೈ ತೊಡೆಯ ಮೇಲೆ ಮಗುಚಿಕೊಂಡಿತು.

“ಇನ್ಮೇಲೆ ನೀವು ಇಳೀಬೇಡಿ” ಎಂದಳು.

“ಇಳೀದೆ? ಗಾಡೀಲಿ ಮೂಟೆ ಥರ ಕೂತಿರ್ಲಾ?”

“ಕೂತಿರಿ.”

“ಹಾಗಿದ್ರೆ ನಾನ್ಯಾಕೆ ಬರ್ಬೇಕು?”

ಅವಳು ಇಂಜಿನ್ ಹಚ್ಚಿದಳು.

ಮಾರನೆಯ ದಿನದಿಂದ ಅವನು ಇಳಿಯಲಿಲ್ಲ. ಬೆಲ್ಟು ಹಾಕಿಕೊಂಡು ನೆಟ್ಟಗೆ ಕೂತಿರುತ್ತಿದ್ದ. ಅವಳು ಪ್ರತಿಯೊಂದು ಗೇಟಿನ ಮುಂದೆಯೂ ಇಳಿದು ಹಿಂದೆ ಹೋಗಿ ನೋಡಿ ಬರುವುದು, ಹತ್ತಿ ಸ್ವಲ್ಪ ಬಿಡುವುದು, ಮತ್ತೆ ಇಳಿಯುವುದು. ಅರ್ಧ ಗಂಟೆಯ ಕೆಲಸಕ್ಕೆ ಒಂದು ಗಂಟೆ ಹಿಡಿಯತೊಡಗಿತು. ಯಜಮಾನ ಗಡಿಯಾರ ನೋಡಿ, “ಸೊಂಟನೋವು ನಿನಗೋ ಅವನಿಗೋ?” ಎಂದು ಕೇಳಿದ.

ಸಂಜೆ ನರ್ಸರಿ ಮುಚ್ಚಿದ ಮೇಲೆ ಅವಳು ಅಂಗಳದಲ್ಲಿ ಖಾಲಿ ಟ್ರೇಗಳನ್ನು ಆಳೆತ್ತರ ಪೇರಿಸಿ ಎರಡು ಗೋಪುರ ಮಾಡಿದಳು. ನಡುವೆ ವ್ಯಾನು ಹಿಡಿಸುವಷ್ಟು ಜಾಗ ಬಿಟ್ಟಳು. ಬದಿಯ ಎರಡು ಕನ್ನಡಿಗಳನ್ನು ಬಟ್ಟೆಯಿಂದ ಒರೆಸಿದಳು. ಇಷ್ಟು ದಿನ ಅವುಗಳಲ್ಲಿ ಕಾಣುತ್ತಿದ್ದದ್ದು ಅವಳ ಕಿವಿ, ಜಡೆ, ಆಕಾಶದ ಚೂರು. ಈಗ ಕೆಳಕ್ಕೆ ತಿರುಗಿಸಿ ವ್ಯಾನಿನ ಮೈ, ಹಿಂದಿನ ಚಕ್ರ, ನೆಲ ಕಾಣುವ ಹಾಗೆ ಮಾಡಿಕೊಂಡಳು. ಕನ್ನಡಿಯಲ್ಲಿ ಎಲ್ಲ ಹಿಂದುಮುಂದು. ಎಡಕ್ಕೆ ಹೋಗಬೇಕೆಂದರೆ ಕೈ ಬಲಕ್ಕೆ ಓಡುತ್ತದೆ. ಮೊದಲ ಸಲಕ್ಕೇ ಒಂದು ಗೋಪುರ ದಡಬಡನೆ ಬಿತ್ತು. ಖಾಲಿ ಅಂಗಳದಲ್ಲಿ ಆ ಸದ್ದು ಊರಿಗೆಲ್ಲ ಕೇಳುವ ಹಾಗಿತ್ತು. ಮೇಲಿನ ಕೋಣೆಯ ಕಿಟಕಿಯಲ್ಲಿ ದೀಪವಿತ್ತು, ಗಂಡನ ನೆರಳಿತ್ತು. ನೆರಳು ಅಲ್ಲಾಡಲಿಲ್ಲ.

ಅವಳು ಇಳಿದು ಟ್ರೇಗಳನ್ನು ಮತ್ತೆ ಪೇರಿಸಿದಳು. ಮತ್ತೆ ಬಿದ್ದವು. ಮತ್ತೆ ಪೇರಿಸಿದಳು. ಮೂಗು ಸುರಿಯುತ್ತಿತ್ತು. ಚಳಿಗೋ ಅಳುವಿಗೋ ಅವಳಿಗೇ ತಿಳಿಯದು. ಹಿಂದೆ ಯಾರಾದರೂ ನಿಂತಿದ್ದರೆ ತಪ್ಪಾದಾಗ ಬೈಯುವುದಕ್ಕಾದರೂ ಒಬ್ಬರಿರುತ್ತಾರೆ. ಇಲ್ಲಿ ಬೈಯಬೇಕೆಂದರೂ ತನ್ನನ್ನೇ ಬೈದುಕೊಳ್ಳಬೇಕು. “ಎಲ್ಲಿ ನೋಡ್ತಿದ್ಯೇ, ಕುರುಡಿ” ಎಂದು ಬಾಯಿಬಿಟ್ಟು ಬೈದುಕೊಂಡವಳು, ಆ ಮಾತು ಕಿವಿಗೆ ಬಿದ್ದದ್ದೇ ತಡ ಬಾಯಿ ಮುಚ್ಚಿ, ಕಿಟಕಿಯ ಕಡೆ ನೋಡಿದಳು.

ಮೇಲೆ ಹೋದರೆ ಅವನು ಊಟ ಬಿಸಿ ಮಾಡಿಟ್ಟಿರುತ್ತಿದ್ದ.

“ಇನ್ನೂ ಬೀಳ್ತಿದಾವಾ?” ಎಂದು ಕೇಳುತ್ತಿದ್ದ, ತಟ್ಟೆ ಮುಂದೆ ಸರಿಸಿ.

“ನಿಮಗೇ ಕೇಳಿಸುತ್ತಲ್ಲ.”

“ಇವತ್ತು ಎರಡೇ ಸಲ ಬಿತ್ತು.”

“ಎಣಿಸಿ, ಎಣಿಸಿ. ಬೇರೇನು ಕೆಲಸ.”

ಅಂದ ಮೇಲೆ ಹೀಗೆ ಅನ್ನಬಾರದಿತ್ತು ಅನಿಸುತ್ತಿತ್ತು. ಅಂದದ್ದನ್ನು ನುಂಗಿಕೊಳ್ಳುವುದು ಹೇಗೆ? ಇಬ್ಬರೂ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಕೊನೆಕೊನೆಗೆ ಟ್ರೇಗಳು ಬೀಳುವುದು ನಿಂತಿತು. ಬೀಳುವುದು ನಿಂತ ಮೇಲೆ ಅವನು ಕೇಳುವುದೂ ನಿಂತಿತು.

ಪರೀಕ್ಷೆಯ ದಿನ ಅವನು ಜೊತೆಗೆ ಬರಲಿಲ್ಲ. ಬೀಜದ ಚೀಲ ಎತ್ತಿಡುವುದಿದೆ ಎಂದ. ಅವಳು ಬಸ್ಸಿನಲ್ಲಿ ಹೋದಳು. ಅದೇ ಇಸ್ತ್ರಿ ಹೆಂಗಸು, ಅದೇ ಕಾರು. ಹಿಂದಕ್ಕೆ ತೆಗೆ ಎಂದಾಗ ಇವಳು ಎಡಗನ್ನಡಿ ನೋಡಿದಳು, ಬಲಗನ್ನಡಿ ನೋಡಿದಳು, ಕತ್ತು ಹೊರಳಿಸಿ ಹಿಂದಿನ ಗಾಜಿನಲ್ಲಿ ನೋಡಿದಳು. ಯಾರೂ ಇರಲಿಲ್ಲ. ಯಾರೂ ಇಲ್ಲ ಎಂಬುದನ್ನು ತಾನೇ ನೋಡಿ, ತಾನೇ ಒಪ್ಪಿಕೊಂಡು, ಬ್ರೇಕಿನ ಮೇಲಿನ ಕಾಲು ಸಡಿಲಿಸಿದಳು. ಕಾರು ಎರಡು ಕಾರುಗಳ ನಡುವೆ ಬೆಣ್ಣೆಯ ಹಾಗೆ ಕೂತಿತು. ಹೆಂಗಸು ಬರೆಯುವ ಹಲಗೆಗೆ ಸಿಕ್ಕಿಸಿದ ಕಾಗದದ ಮೇಲೆ ಏನೋ ಗೀಚಿ, ಬಾಗಿಲು ತೆರೆಯುತ್ತ, “ಈ ಸಲ ನಾನು ಇಳಿಯಬಹುದು ತಾನೇ?” ಅಂದಳು. ತಮಾಷೆ ಮಾಡಿದಳೆಂದು ತಿಳಿಯಲು ಇವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಕಚೇರಿಯಲ್ಲಿ ಗುಮಾಸ್ತ ಹೊಸ ಲೈಸೆನ್ಸ್ ಬರುವವರೆಗೆ ನಡೆಯುವ ಕಾಗದವನ್ನು ಮುದ್ರೆ ಹಾಕಿ ಕೊಟ್ಟ. ಊರಿನ ಲೈಸೆನ್ಸನ್ನು ತೆಗೆದುಕೊಂಡು ಮೂಲೆಗೆ ಒಂದು ತೂತು ಹೊಡೆದು ವಾಪಸು ತಳ್ಳಿದ. ಹೊರಗೆ ಬಂದು ಕಾರುಗಳು ಸಾಲಾಗಿ ನಿಂತ ಬಯಲಿನಲ್ಲಿ ನಿಂತಳು. ಯಾರಿಗಾದರೂ ಹೇಳಬೇಕು. ಅಕ್ಕನಿಗೆ ಫೋನು ಮಾಡೋಣವೆಂದರೆ ಊರಲ್ಲಿ ಈಗ ಎಲ್ಲರೂ ಮಲಗಿರುವ ಹೊತ್ತು. ಒಬ್ಬ ಹುಡುಗಿ ಕಾರು ಹಿಂದಕ್ಕೆ ತೆಗೆಯುತ್ತಿದ್ದಳು. ಅವಳ ಹಿಂದೆಯೂ ಯಾರೂ ಇರಲಿಲ್ಲ. ಅವಳಿಗೆ ಅದು ಗೊತ್ತಿದ್ದಂತೆಯೂ ಕಾಣಲಿಲ್ಲ. ಬಸ್ಸು ಬರುವವರೆಗೂ ಇವಳು ಕಾಗದ ಮಡಿಸುತ್ತ ಬಿಚ್ಚುತ್ತ ಕೂತಿದ್ದಳು.

ಕೋಣೆಗೆ ಬಂದು ಅವನ ಕೈಗೆ ಕೊಟ್ಟಳು. ಅವನು ಕಿಟಕಿಯ ಹತ್ತಿರ ಹೋಗಿ, ಕಣ್ಣಿಗೆ ಹತ್ತಿರ ಹಿಡಿದು, ಮೂಲೆಯಿಂದ ಮೂಲೆಗೆ ಸರಿಸುತ್ತ ನೋಡಿದ.

“ಫೋಟೋ ಚೆನ್ನಾಗಿ ಬಂದಿದೆ.”

“ಅದು ಫೋಟೋ ಅಲ್ಲ. ಮುದ್ರೆ.”

“ಅದಕ್ಕೇ ಮುಖ ದುಂಡಗಿದೆ ಅಂದ್ಕೊಂಡೆ.”

ಇಬ್ಬರಿಗೂ ನಗು ಬಂತು. ಅವನ ನಗು ಮೊದಲು ನಿಂತಿತು. ಕಾಗದವನ್ನು ಬಂದ ಮಡಿಕೆಗೇ ಮಡಿಸಿ ಅವಳ ಕೈಗಿಟ್ಟು, “ಒಬ್ಬಳೇ ಡ್ರೈವರ್ ಆದ್ಯಲ್ಲ” ಎಂದ.

ಭಾನುವಾರ ಕಂಬ ತೆಗೆದುಕೊಂಡು ಹೋದರು. ಹಾರೆ, ಸಲಿಕೆ, ಜಲ್ಲಿಯ ಚೀಲ ಎಲ್ಲ ಅವನೇ ನೆನಪಿಟ್ಟು ತುಂಬಿಸಿದ್ದ. ಓಣಿಯ ಬಾಯಲ್ಲಿ ಅವಳು ವ್ಯಾನು ತಿರುಗಿಸಿದಾಗ ಅವನು ಬಾಗಿಲಿನ ಹಿಡಿಗೆ ಕೈ ಹಾಕಿ, ಮತ್ತೆ ತೆಗೆದ. ಅವಳು ಕನ್ನಡಿಗಳನ್ನು ನೋಡಿಕೊಂಡು, ಉಳಿದ ಒಂದು ಕಂಬವನ್ನು ಸವರದೆ ಒಳಗೆ ಹೋದಳು.

ನೆಲ ಮುಟ್ಟಿದ ಮೇಲೆ ಅವನು ಬೇರೆಯೇ ಮನುಷ್ಯನಾದ. ಮಂಡಿಯೂರಿ ಮುರಿದ ಬುಡವನ್ನು ಬೆರಳಲ್ಲಿ ಹುಡುಕಿ, ಸುತ್ತ ಬಿಡಿಸಿ, ಹಳೆಯ ತುಂಡನ್ನು ಹಲ್ಲು ಕಿತ್ತ ಹಾಗೆ ಕಿತ್ತು ಹಾಕಿದ. ಗುಂಡಿಯೊಳಗೆ ತೋಳಿಳಿಸಿ ಆಳ ನೋಡಿದ. ಉಳಿದ ಕಂಬವನ್ನು ಅಪ್ಪಿ ಅದರ ಎತ್ತರ ಎದೆಗೆ ಗುರುತು ಮಾಡಿಕೊಂಡ. ಟೊಮೆಟೊ ತಾತ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. ಅವಳು ಕಂಬ ಹಿಡಿದಳು, ಅವನು ಜಲ್ಲಿ ಸುರಿದು, ಮಣ್ಣು ತುಂಬಿ, ಹಾರೆಯ ಹಿಂಬದಿಯಿಂದ ಗುದ್ದಿ, ಹಿಮ್ಮಡಿಯಿಂದ ಮೆಟ್ಟಿದ. ಅಲ್ಲಾಡಿಸಿ ನೋಡಿದರೆ ಕಂಬ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗಿತ್ತು.

ಮುದುಕ ಎದ್ದು ಬಂದು ಕೈಯಿಟ್ಟು ನೋಡಿ ತಲೆಯಾಡಿಸಿದ. ಸರಿ, ಚುಕ್ತಾ ಆಯಿತು ಎಂದ. ಗಂಡ ಕೈ ಕೊಡವಿಕೊಂಡ. ಕೊಡವಿ ಮುಗಿದ ಮೇಲೂ ಕೊಡವುತ್ತಲೇ ಇದ್ದ. ಆಮೇಲೆ, ಆಗಿಲ್ಲ, ಇನ್ನೂ ಒಂದಿದೆ ಎಂದ. ಅವತ್ತು ಓಡಿಸುತ್ತಿದ್ದವಳು ಇವಳು, ನಾನಲ್ಲ. ಇವಳ ತಪ್ಪೂ ಅಲ್ಲ. ನಾನು ಹಿಂದೆ ನಿಂತು ಬಾ ಬಾ ಎಂದೆ. ನನಗೆ ಕಂಬ ಕಾಣಲಿಲ್ಲ. ನನಗೆ ಪಕ್ಕದ್ದೇನೂ ಕಾಣುವುದಿಲ್ಲ.

ಇಷ್ಟು ಉದ್ದದ ಮಾತನ್ನು ಅವನು ಆ ಭಾಷೆಯಲ್ಲಿ ಆಡಿದ್ದನ್ನು ಅವಳು ಕೇಳಿರಲಿಲ್ಲ. ಪದಗಳನ್ನು ಒಂದೊಂದಾಗಿ, ಕಲ್ಲು ಎತ್ತಿಟ್ಟ ಹಾಗೆ ಇಟ್ಟ.

ಮುದುಕ ಕಂಬದಿಂದ ಕೈ ತೆಗೆಯಲಿಲ್ಲ. ಅವನ ಕಣ್ಣು ಒಮ್ಮೆ ವ್ಯಾನಿನ ಮೇಲೆ ಹೋಯಿತು, ಒಮ್ಮೆ ಓಣಿಯ ಮೇಲೆ. ಕೊನೆಗೆ, ಹಾಗಾದರೆ ಈ ಕಂಬ ನೆಟ್ಟಗಿದೆ ಅಂತ ನಿನಗೆ ಹೇಳಿದವರು ಯಾರು ಎಂದು ಕೇಳಿದ.

“ಇವಳೇ” ಎಂದ ಗಂಡ.

ಮುದುಕ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ನಂಬಬಹುದು ಎಂದ.

ಅದೇ ಸಂಜೆ ಗಂಡ ಗೋಡೆ ಹಿಡಿದುಕೊಂಡು ಯಜಮಾನನ ಮನೆಯವರೆಗೆ ಒಬ್ಬನೇ ಹೋದ. ನಾನೂ ಬರಲೇ ಎಂದರೆ ಬೇಡ ಎಂದ. ಅವಳು ಮೇಲಿನ ಕಿಟಕಿಯಲ್ಲಿ ನಿಂತು, ಅವನು ಅಂಗಳದ ಅಂಚಿನಲ್ಲಿ ಕಾಲಿಂದ ಮೆಟ್ಟಿಲು ಹುಡುಕುವುದನ್ನು ನೋಡುತ್ತಿದ್ದಳು. ಕೂಗಿ ಹೇಳಬೇಕೆಂದು ಬಾಯಿಗೆ ಬಂದದ್ದನ್ನು ತಡೆದುಕೊಂಡಳು. ಅವನು ಮರಳಿ ಬಂದು ಷರ್ಟು ಬಿಚ್ಚಿ ಮೊಳೆಗೆ ನೇತು ಹಾಕುತ್ತ, “ಕಣ್ಣಿನ ವಿಷಯ ಎಲ್ಲ ಹೇಳ್ದೆ. ಕೂಗಾಡಿದ. ಕೂಗಾಡಲೇಬೇಕು ಬಿಡು, ಅವನ ಗಾಡಿ. ಆಮೇಲೆ ಬೀಜ ಊರುವ ಮೇಜಿಗೆ ಹಾಕಿದ್ದಾನೆ. ಕೂತು ಮಾಡೋ ಕೆಲಸ. ಕೋಣೆ ನಮ್ಮದೇ. ಡ್ರೈವರ್ ನೀನಲ್ವಾ” ಎಂದ.

“ಕಾರ್ಡು?”

“ಅದೂ ಇದೆ.”

ಅವಳು ನಿಟ್ಟುಸಿರು ಬಿಟ್ಟಳು. ಅವನು ಮಂಚದ ಅಂಚಿಗೆ ಕೂತು, ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣಿಗೆ ಹನಿ ಬಿಟ್ಟುಕೊಂಡ. ಒಂದು ಹನಿ ಕೆನ್ನೆಗೆ ಜಾರಿತು.

ಸೋಮವಾರ ಸಸಿ ತುಂಬಿಸಲು ಯಜಮಾನನೇ ಕೈಹಾಕಿದ. ಗಾಜಿನ ಮನೆಯೊಳಗೆ, ಉದ್ದನೆಯ ಮೇಜಿನ ಮುಂದೆ ಗಂಡ ಆಗಲೇ ಕೂತಿದ್ದ. ಗಾಜಿನ ಮೇಲೆ ಬೆವರು ಹನಿಗಟ್ಟಿ ಅವನ ಬೆನ್ನಷ್ಟೇ ಮಸುಕಾಗಿ ಕಾಣುತ್ತಿತ್ತು. ಬೆರಳು ಮಣ್ಣಿಗೆ ಇಳಿಯುವುದು, ಏಳುವುದು, ಪಕ್ಕದ ಗುಳಿಗೆ ಸರಿಯುವುದು. ವ್ಯಾನಿನೊಳಗೆ ಹಲಗೆಗಳೆಲ್ಲ ತುಂಬಿ ಒಂದು ಟ್ರೇ ಉಳಿಯಿತು. ಯಜಮಾನ ಅದನ್ನು ಪಕ್ಕದ ಸೀಟಿನ ಮೇಲಿಟ್ಟು ಬಾಗಿಲು ಹಾಕಿದ.

ಅವಳು ಹತ್ತಿ ಕೀಲಿ ತಿರುಗಿಸಿದಳು. ಇಂಜಿನ್ ಹತ್ತಿಕೊಂಡಿತು. ಅದರ ಜೊತೆಗೆ ಟಿಣ್ ಟಿಣ್ ಟಿಣ್ ಎಂದು ಏನೋ ಬಡಿದುಕೊಳ್ಳತೊಡಗಿತು. ತನ್ನ ಬೆಲ್ಟು ನೋಡಿಕೊಂಡಳು, ಹಾಕಿತ್ತು. ಬಾಗಿಲು ನೋಡಿದಳು, ಮುಚ್ಚಿತ್ತು. ಡ್ಯಾಶಿನ ಮೇಲೆ ಒಂದು ಕೆಂಪು ದೀಪ, ಕೂತ ಮನುಷ್ಯನ ಚಿತ್ರ. 

ನೀರು ಕುಡಿದ ಟ್ರೇ ಭಾರವಾಗಿತ್ತು. ಪಕ್ಕದ ಸೀಟಿನಲ್ಲಿ ಯಾರೋ ಬೆಲ್ಟಿಲ್ಲದೆ ಕೂತಿದ್ದಾರೆ ಎಂದುಕೊಂಡಿತ್ತು ಗಾಡಿ. ಅವಳು ಆಚೆಗೆ ಬಾಗಿ ಪಕ್ಕದ ಸೀಟಿನ ಬೆಲ್ಟನ್ನು ಎಳೆದು, ಎಳೆಯ ಟೊಮೆಟೊಗಳ ತಲೆ ಮುರಿಯದ ಹಾಗೆ ಸುತ್ತ ತಂದು, ಸಿಕ್ಕಿಸಿದಳು. ಟಿಣ್ ಟಿಣ್ ನಿಂತಿತು. ಅಷ್ಟೂ ಸಸಿಗಳು ಇಂಜಿನ್ನಿನ ನಡುಕಕ್ಕೆ ಒಟ್ಟಾಗಿ ಸಣ್ಣಗೆ ಅಲುಗುತ್ತಿದ್ದವು. ಅವಳು ಎಡಗನ್ನಡಿ ನೋಡಿದಳು, ಬಲಗನ್ನಡಿ ನೋಡಿದಳು, ಗೇಟಿನಿಂದ ಹೊರಗೆ ರಸ್ತೆಗೆ ಇಳಿದಳು.